ಚಕ್ಲಿಗೆ ಊಟ: ಗ್ಯಾರೇಜಿನ ಫ್ರೀಜರ್, ಹೇರ್ ಡ್ರೈಯರ್ ಮತ್ತು ಆರು ಡಾಲರ್ ಇಲಿ

ನಮಸ್ಕಾರ ಎಲ್ಲರಿಗೂ. ಇವತ್ತು ನಮ್ಮ ಮನೆಯ ಹಾವು ಚಕ್ಲಿಗೆ ಊಟ ಹಾಕುವ ದಿನ. ಇಲಿ ನೋಡಿದರೆ ಆಗದವರು ಇವತ್ತಿನ ವಿಡಿಯೋ ಬಿಟ್ಟುಬಿಡಿ, ಬೇಜಾರಿಲ್ಲ. ಮುಂದಿನ ವಾರ ಬಸ್ಸಾರು ಇದೆ, ಆಗ ಬನ್ನಿ. ಉಳಿದವರು ನನ್ನ ಜೊತೆ ಗ್ಯಾರೇಜಿಗೆ ಬನ್ನಿ.

ಹಿಂದೆ ಗುಂಯ್ ಅಂತ ಸದ್ದು ಬರುತ್ತಿದೆಯಲ್ಲ, ಅದು ಈ ಸಣ್ಣ ಫ್ರೀಜರ್. ಟೆಕ್ಸಸ್‌ನ ಆಸ್ಟಿನ್ ಬಿಸಿಲು, ಮುಚ್ಚಿದ ಗ್ಯಾರೇಜು, ಪಾಪ ಅದೂ ಎಷ್ಟು ಅಂತ ದುಡಿಯುತ್ತದೆ. ಒಳಗೆ ಇರುವುದು ಇಲಿ ಮಾತ್ರ. ಬೇರೆ ಏನೂ ಇಲ್ಲ. ಮನೆಯೊಳಗಿನ ಫ್ರೀಜರಿನಲ್ಲಿ ಹಿಚುಕಿದ ಅವರೆಬೇಳೆ ಇದೆ, ತುರಿದ ಕಾಯಿ ಇದೆ, ನಮ್ಮ ಮನೆಯವರ ಬಂಗುಡೆ ಇದೆ. "ಅವರೆ ಪಕ್ಕ ಇಲಿ ಇಟ್ಟರೆ ನಾನು ಈ ಮನೆಯಲ್ಲಿ ಊಟ ಮಾಡಲ್ಲ" ಅಂತ ಅವರು ಮೊದಲೇ ಹೇಳಿದ್ದರು. ಮೀನಿನ ವಾಸನೆ ತಂದು ಅವರೆಗೆ ಹತ್ತಿಸುವವರು ಇವರೇ, ಅದು ಬೇರೆ ಮಾತು. ಆದರೆ ಈ ವಿಷಯದಲ್ಲಿ ಅವರು ಹೇಳಿದ್ದು ಸರಿ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ಕೂಡ ಅದನ್ನೇ ಹೇಳುತ್ತದೆ. ಫ್ರೀಜ್ ಮಾಡಿದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಹಾಗಾಗಿ ಇಲಿಯನ್ನು ಊಟದ ಸಾಮಾನಿನ ಜೊತೆ ಇಡಬಾರದು, ಅಡುಗೆಮನೆಯಲ್ಲಿ ಕರಗಿಸಬಾರದು, ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು. ಅದಕ್ಕೇ ಈ ಬಕೆಟ್ಟು, ಈ ಇಕ್ಕಳ, ಈ ತಕ್ಕಡಿ ಎಲ್ಲಾ ಗ್ಯಾರೇಜಿನದೇ. ಒಳಗೆ ಬರುವ ಹಾಗಿಲ್ಲ.

ಇನ್ನು ಇವರು. ಇವರೇ ಚಕ್ಲಿ. ಹೆಸರಿಟ್ಟವನು ನನ್ನ ಮಗ. ಯಾಕೆ ಅಂತ ನೋಡಿದರೇ ಗೊತ್ತಾಗುತ್ತದೆ, ಯಾವಾಗ ನೋಡಿದರೂ ಸುತ್ತಿಕೊಂಡೇ ಕೂತಿರುತ್ತದೆ. ಜಾತಿ ಬಾಲ್ ಪೈಥಾನ್, ಹೆಬ್ಬಾವಿನ ಕುಲವೇ, ಆದರೆ ಅದರಲ್ಲಿ ಚಿಕ್ಕದು. ಮೂಲ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಹೆದರಿದರೆ ತಲೆಯನ್ನು ಮಧ್ಯಕ್ಕೆ ಎಳೆದುಕೊಂಡು ಉಂಡೆಯಾಗುತ್ತದೆ, ಅಷ್ಟೇ ಅದರ ಪೌರುಷ.

ನಾನು ದುಡ್ಡು ಕೊಟ್ಟು ತಂದಿದ್ದಲ್ಲ ಇದನ್ನು. ಆಫೀಸಿನಲ್ಲಿ ನನ್ನ ಜೊತೆ ಇದ್ದವರೊಬ್ಬರಿಗೆ ಹವಾಯಿಗೆ ವರ್ಗವಾಯಿತು. ಹವಾಯಿಯಲ್ಲಿ ಹಾವು ಸಾಕುವ ಹಾಗೇ ಇಲ್ಲ. ಸಿಕ್ಕಿಬಿದ್ದರೆ 2 ಲಕ್ಷ ಡಾಲರ್ ವರೆಗೆ ದಂಡ, 3 ವರ್ಷದ ತನಕ ಜೈಲು. ಅವರು ಟ್ಯಾಂಕು, ದೀಪ, ಹಾವು ಎಲ್ಲಾ ನಮ್ಮ ಮನೆಗೆ ತಂದಿಟ್ಟು ಹೊರಟರು. ನನ್ನ ಮಗನಿಗೆ ಆ ದಿನ ದೀಪಾವಳಿ. ಟೆಕ್ಸಸ್‌ನಲ್ಲಿ ರೆಟಿಕ್ಯುಲೇಟೆಡ್ ಪೈಥಾನ್, ಅನಕೊಂಡಾ ಇಂಥ ದೊಡ್ಡ ಹಾವುಗಳಿಗೆ ಪರ್ಮಿಟ್ ಬೇಕು. ಇದಕ್ಕೆ ಬೇಡ. ಬೆಂಗಳೂರಿನವರು, ಮೈಸೂರಿನವರು ನೋಡಿ ಆಸೆಪಡಬೇಡಿ. ನಮ್ಮ ಕಡೆಯ ನಾಗರ, ಕೇರೆ, ಹೆಬ್ಬಾವು ಯಾವುದನ್ನು ಸಾಕಿದರೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್ ಹೊರದೇಶದ್ದಾದರೂ ಅಲ್ಲಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಬೇಕು. ಸುಮ್ನೆ ತಂದು ಮಂಚದ ಕೆಳಗೆ ಇಡುವ ವಿಷಯ ಅಲ್ಲ.

ಇಲಿ ನಿನ್ನೆ ರಾತ್ರಿಯೇ ಕೆಳಗಿನ ಈ ಸಣ್ಣ ಪೆಟ್ಟಿಗೆಗೆ ಬಂತು. ಇದು ಮಗನ ಹಳೆಯ ಜ್ಯೂಸ್ ಫ್ರಿಜ್ಜು, ಈಗ ಇಲಿಗೆ ಮೀಸಲು. ನಿಧಾನಕ್ಕೆ ಕರಗಬೇಕು. ಈಗ ಚೀಲ ಸಮೇತ ಬಿಸಿನೀರಿಗೆ. ನೀರು ಕುದಿಯುವುದು ಬೇಡ, ಕೈಗೆ ಹಿತವಾಗಿದ್ದರೆ ಸಾಕು. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಒಳಗೆ ಬೆಂದುಹೋಗುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಆಮೇಲೆ ಆ ಮೈಕ್ರೋವೇವಿನಲ್ಲಿ ನೀವು ಹಾಲು ಬಿಸಿ ಮಾಡುತ್ತೀರಾ?

ಕರಗುವ ತನಕ ದುಡ್ಡಿನ ವಿಷಯ ಮಾತಾಡೋಣ. ಇದು ಮಾತಾಡಲೇಬೇಕು.

ಈ ಒಂದು ಇಲಿ, ಸ್ಮಾಲ್ ರ‍್ಯಾಟ್ ಅನ್ನುತ್ತಾರೆ ಇದಕ್ಕೆ, ಸುಮಾರು 60 ಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ಬೆಲೆ 5 ಡಾಲರ್ 50 ಸೆಂಟ್. ಅದರ ಮೇಲೆ ಟ್ಯಾಕ್ಸ್. ಹೌದು, ಸತ್ತ ಇಲಿಗೂ ಇಲ್ಲಿ 8.25 ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್. ದನ ಸಾಕಿದ್ದರೆ ಮೇವಿಗೆ ಟೆಕ್ಸಸ್‌ನಲ್ಲಿ ಟ್ಯಾಕ್ಸ್ ಇಲ್ಲ. ಹಾವು ಸಾಕಿದ್ದೀರಾ, ಕಟ್ಟಿ. ಎಲ್ಲಾ ಸೇರಿ ಹತ್ತಿರ ಹತ್ತಿರ 6 ಡಾಲರ್. 60 ಗ್ರಾಂಗೆ 6 ಡಾಲರ್ ಅಂದರೆ ಕೆಜಿಗೆ ಎಷ್ಟಾಯಿತು? ನೂರು ಡಾಲರ್! ನಾನು ಮಂಡ್ಯದವಳು, ಬನ್ನೂರು ಕುರಿ ಮಾಂಸ ತಿಂದು ಬೆಳೆದವಳು. ಹಬ್ಬದ ದಿನ ಸಾಲು ನಿಂತು ತರುವ ಬನ್ನೂರು ಮಟನ್ನಿಗೂ ಯಾರೂ ಇಷ್ಟು ಕೇಳಿಲ್ಲ. ಇಲಿಗೆ ಕೇಳುತ್ತಿದ್ದಾರೆ. ನಮ್ಮೂರಿನ ಗದ್ದೆ ಬದುವಿನಲ್ಲಿ ಇಲಿ ಹಿಡಿದುಕೊಟ್ಟರೆ ನಾವೇ ಕಾಸು ಕೊಡುತ್ತೇವೆ, ಇಲ್ಲಿ ಎಲ್ಲಾ ಉಲ್ಟಾ.

ಅಂಗಡಿಯ ಹುಡುಗ ಅದನ್ನು ಕೊಡುವ ರೀತಿ ನೋಡಬೇಕು. ಐಸ್‌ಕ್ರೀಮ್ ಇಡುವಂಥ ಪೆಟ್ಟಿಗೆಯಿಂದ ತೆಗೆದು, ಕವರಿಗೆ ಹಾಕಿ, "ಎಂಜಾಯ್" ಅಂದ. ನಾನು ಏನು ಎಂಜಾಯ್ ಮಾಡಲಿ ಮಾರಾಯ?

ಸರಿ, ತಿಂದರೆ ಆರು ಡಾಲರ್ ಹೋಗಲಿ ಬಿಡಿ. ತಿನ್ನದಿದ್ದರೆ? ಅದೇ ನನ್ನ ಸಂಕಟ. ಒಮ್ಮೆ ಕರಗಿದ ಇಲಿಯನ್ನು ಮತ್ತೆ ಫ್ರೀಜ್ ಮಾಡುವ ಹಾಗಿಲ್ಲ, ಕೆಡುತ್ತದೆ. ಕವರು ಕಟ್ಟಿ ಕಸಕ್ಕೆ. ಹೋದ ಸಲ ಚಕ್ಲಿ ಮೂಸಿ ನೋಡಿತು, ನಾಲಿಗೆ ಆಡಿಸಿತು, ತಿರುಗಿ ತನ್ನ ಗೂಡಿಗೆ ಹೋಗಿ ಮಲಗಿತು. ಅದಕ್ಕೇನು, ಬಿಲ್ ಕಟ್ಟಿದವಳು ನಾನು. ಬಾಲ್ ಪೈಥಾನ್ ಸಾಕಿದವರೆಲ್ಲ ಹೇಳುವುದು ಇದನ್ನೇ. ಮನೆ ಬದಲಾದರೆ ಊಟ ಬಿಡುತ್ತದೆ, ಚಳಿಗಾಲ ಬಂದರೆ ಬಿಡುತ್ತದೆ, ಬೆದೆ ಬಂದರೆ ಬಿಡುತ್ತದೆ. ದೊಡ್ಡವು ತಿಂಗಳುಗಟ್ಟಲೆ ಉಪವಾಸ ಇದ್ದರೂ ತೂಕ ಇಳಿಯದಿದ್ದರೆ ಗಾಬರಿ ಬೇಡವಂತೆ. ಅದರ ಉಪವಾಸಕ್ಕೆ ನನ್ನ ಗಾಬರಿ ಇಲ್ಲ. ನನ್ನ ಗಾಬರಿ ಕಸದ ಬುಟ್ಟಿಗೆ ಬೀಳುವ ಆರು ಡಾಲರ್ ಬಗ್ಗೆ.

ಆನ್‌ಲೈನಿನಲ್ಲಿ ತರಿಸಿ ಅಂತ ಹೇಳುತ್ತೀರಿ, ಗೊತ್ತು. ನೋಡಿದೆ. ಇಲಿ ಒಂದಕ್ಕೆ ಎರಡೇ ಡಾಲರ್. ಖುಷಿಯಾಯಿತು. ಕೆಳಗೆ ಬಂದರೆ ಕಡಿಮೆ ಅಂದರೆ 25 ಇಲಿ ತಗೊಳ್ಳಬೇಕು, ಥರ್ಮೋಕೋಲ್ ಡಬ್ಬ ಮತ್ತು ಡ್ರೈ ಐಸ್ ಸೇರಿ ಶಿಪ್ಪಿಂಗ್ 35 ಡಾಲರ್. 50 ಡಾಲರಿನ ಇಲಿಗೆ 35 ಡಾಲರಿನ ಗಾಡಿ ಖರ್ಚು! ಇದು ಹಗಲು ದರೋಡೆ. ನಾನಂತೂ ಆನ್‌ಲೈನ್ ತರಿಸುವುದಿಲ್ಲ, ಬರೆದಿಟ್ಟುಕೊಳ್ಳಿ.

ಮಧ್ಯದಲ್ಲಿ ಬಂತಲ್ಲ ಫೋನಿನ ಸದ್ದು, ಅದು ಅಮ್ಮ. ಚಕ್ಲಿ ಬಂದಾಗಿನಿಂದ ದಿನಾ ಫೋನು. ನಾನು ಹೇಗಿದ್ದೇನೆ ಅಂತ ಕೇಳುವುದಿಲ್ಲ, "ಹಾವು ಎಲ್ಲಿದೆ" ಅಂತ ಕೇಳುತ್ತಾರೆ. ಮೊದಲ ದಿನ ಕುಕ್ಕೆಗೆ ಹೋಗಿ ಆಶ್ಲೇಷ ಬಲಿ ಮಾಡಿಸುತ್ತೇನೆ ಅಂದರು. ಆಮೇಲೆ "ಹಾಲು ಇಟ್ಟೆಯೇನೇ?" ಅಂದರು. ಹಾವು ಹಾಲು ಕುಡಿಯಲ್ಲಮ್ಮ, ನೀರು ಕುಡಿಯುತ್ತದೆ ಅಂದೆ. ನಂಬಲಿಲ್ಲ. ಆದರೆ ಆಫ್ರಿಕಾದಲ್ಲೂ ಇವು ಗೆದ್ದಲು ಕಟ್ಟಿದ ಹುತ್ತದಲ್ಲಿ ಇರುತ್ತವೆ ಅಂತ ಹೇಳಿದೆ ನೋಡಿ, ಅದನ್ನು ತಕ್ಷಣ ನಂಬಿದರು. "ನಾನು ಹೇಳಲಿಲ್ವಾ" ಅಂದರು. ಏನು ಹೇಳಿದ್ದರೋ ನನಗಂತೂ ನೆನಪಿಲ್ಲ.

ಮತ್ತೆ ಕೇಳಿದ್ದು, ಇದು ಎಷ್ಟು ವರ್ಷ ಬದುಕುತ್ತದೆ ಅಂತ. ಇಪ್ಪತ್ತು, ಮೂವತ್ತು ವರ್ಷ ಅಂದೆ. ಪೂರ್ತಿ ಹೇಳಲು ಧೈರ್ಯ ಬರಲಿಲ್ಲ. ಮಿಸ್ಸೂರಿಯ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಒಂದು ಬಾಲ್ ಪೈಥಾನ್ 2020ರಲ್ಲಿ ಏಳು ಮೊಟ್ಟೆ ಇಟ್ಟಿತು. ಆಗ ಅದರ ವಯಸ್ಸು ಸುಮಾರು 62! ಹದಿನೈದು ವರ್ಷಕ್ಕೂ ಜಾಸ್ತಿ ಕಾಲ ಹತ್ತಿರ ಗಂಡು ಹಾವೇ ಇರಲಿಲ್ಲ. ಅಂದರೆ ನಮ್ಮ ಚಕ್ಲಿ ನನ್ನ ಮಗನ ಮದುವೆ ನೋಡಿ, ಮೊಮ್ಮಕ್ಕಳನ್ನೂ ನೋಡಬಹುದು. ಅಷ್ಟೂ ವರ್ಷ ಇಲಿ ತರುವವರು ಯಾರು? ಮಗ ಕಾಲೇಜಿಗೆ ಹೋಗುತ್ತಾನೆ, ಹಾಸ್ಟೆಲಿನಲ್ಲಿ ಹಾವು ಇಡಲು ಬಿಡುವುದಿಲ್ಲ. ಆಗ...

ಅಯ್ಯೋ, ಇಲಿ ರೆಡಿ. ಬನ್ನಿ ಬನ್ನಿ.

ನೀರಿನಿಂದ ತೆಗೆದು ಒರೆಸಿದ್ದು ನೋಡಿದಿರಿ. ಹೊಟ್ಟೆ ಒತ್ತಿ ನೋಡಬೇಕು, ನಡುವೆ ಗಟ್ಟಿ ಇದ್ದರೆ ಇನ್ನೂ ಐಸ್ ಇದೆ ಅಂತ. ಈಗ ಹೇರ್ ಡ್ರೈಯರ್. ನಗಬೇಡಿ, ಇದು ನಿಜಕ್ಕೂ ಎಲ್ಲರೂ ಮಾಡುವುದೇ. ಬಾಲ್ ಪೈಥಾನಿನ ಮೇಲ್ತುಟಿಯ ಉದ್ದಕ್ಕೆ ಸಣ್ಣ ಸಣ್ಣ ಕುಳಿಗಳಿವೆ, ಇಲ್ಲಿ ಹತ್ತಿರದಿಂದ ತೋರಿಸುತ್ತೇನೆ, ಕಾಣುತ್ತಿದೆಯಾ? ಅವು ಶಾಖ ಗುರುತಿಸುತ್ತವೆ. ಕತ್ತಲಲ್ಲೂ ಬಿಸಿರಕ್ತದ ಪ್ರಾಣಿ ಎಲ್ಲಿದೆ ಅಂತ ಅದಕ್ಕೆ ತಿಳಿಯುತ್ತದೆ. ತಣ್ಣಗಿರುವ ಇಲಿ ಅದರ ಪಾಲಿಗೆ ಊಟವೇ ಅಲ್ಲ. ಅದಕ್ಕೆ ತಲೆಯ ಭಾಗವನ್ನು ಸ್ವಲ್ಪ ಜಾಸ್ತಿ ಬಿಸಿ ಮಾಡಬೇಕು, ತಲೆ ಕಡೆಯಿಂದ ಹಿಡಿಯಲಿ ಅಂತ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಟೆಂಪರೇಚರ್ ಗನ್ ಈಗ ಇಲಿಯ ಹಣೆಗೆ. 38 ಡಿಗ್ರಿ. ಸಾಕು. ಹೇರ್ ಡ್ರೈಯರ್ ನನ್ನದಲ್ಲ, ಇದಕ್ಕೇ ಬೇರೆ ತಂದಿದ್ದು. ಅದರ ಖರ್ಚನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿದರೆ ತಲೆ ತಿರುಗುತ್ತದೆ.

ದೀಪ ಆರಿಸಿದೆ, ಅದಕ್ಕೇ ವಿಡಿಯೋ ಸ್ವಲ್ಪ ಮಬ್ಬು. ಇದು ರಾತ್ರಿ ಓಡಾಡುವ ಜೀವಿ. ಟ್ಯಾಂಕಿನ ಒಂದು ಬದಿ 32 ಡಿಗ್ರಿ, ಇನ್ನೊಂದು ಬದಿ 25. ಚಕ್ಲಿ ತಂಪಿನ ಬದಿಯ ಗೂಡಿನಿಂದ ತಲೆ ಮಾತ್ರ ಹೊರಗೆ ಹಾಕಿದೆ. ಇದು ಒಳ್ಳೆಯ ಸೂಚನೆ. ಉದ್ದನೆಯ ಇಕ್ಕಳ ಹಿಡಿದಿರುವುದು ನಾನೇ, ಮಗ ಕ್ಯಾಮೆರಾ ಹಿಡಿದಿದ್ದಾನೆ. ನಡುಗುತ್ತಿರುವುದು ಅವನ ಕೈ, ನನ್ನದಲ್ಲ.

ಕಾಯುವುದೇ ಕೆಲಸ. ಜೀವಂತ ಇಲಿ ಹಾಕಿದರೆ ಕಾಯಬೇಕಾಗಿಲ್ಲ ಅನ್ನುವವರಿದ್ದಾರೆ. ನನಗೆ ಅದು ಸರಿ ಬರಲ್ಲ. ಇಲಿಯ ಮೇಲಿನ ಕನಿಕರಕ್ಕೆ ಮಾತ್ರ ಅಲ್ಲ, ಮೂಲೆಗೆ ಸಿಕ್ಕ ಇಲಿ ಹಾವನ್ನೇ ಕಚ್ಚುತ್ತದೆ. ಹಸಿವಿಲ್ಲದ ಹಾವಿನ ಜೊತೆ ರಾತ್ರಿಯಿಡೀ ಬಿಟ್ಟರೆ ಹಾವಿನ ಮೈ ಕಿತ್ತು ಹಾಕುತ್ತದೆ. ಫ್ರೀಜರ್ ಇಲಿ ಕಚ್ಚುವುದಿಲ್ಲ. ಅದು ಎಷ್ಟು ದುಬಾರಿಯಾದರೂ ಇದೊಂದು ಸಮಾಧಾನ. ಹಾಂ, ಕೆಲವು ಹಾವು ಫ್ರೀಜರ್ ಇಲಿ ಮುಟ್ಟುವುದೇ ಇಲ್ಲವಂತೆ, ಆಗ ಏನು ಮಾಡ್ತೀರಿ ಅಂತ ಕೇಳಿದರೆ... ಆಗ ನೋಡೋಣ.

ನಾಲಿಗೆ ನೋಡಿ. ನಿಧಾನಕ್ಕೆ ಆಡಿಸುತ್ತಿದೆ. ಇಲಿಯನ್ನು ಸ್ವಲ್ಪ ಅಲ್ಲಾಡಿಸಿದೆ, ಜಾಸ್ತಿ ಅಲ್ಲ. ಕುತ್ತಿಗೆ ಮಡಚಿತು. ಮಡಚಿತು, ಮಡಚಿತು...

ಆಯ್ತು! ಹಿಡೀತು! ಕಿರುಚಿದ್ದು ನಾನೇ, ಕ್ಷಮಿಸಿ, ಅದನ್ನು ತೆಗೆದುಹಾಕಲು ಮಗ ಒಪ್ಪಲಿಲ್ಲ.

ಈಗ ನೋಡಿ ತಮಾಷೆ. ಇಲಿ ಸತ್ತು ಎಷ್ಟು ತಿಂಗಳಾಯಿತೋ. ಆದರೂ ಇದು ಸುತ್ತಿ ಸುತ್ತಿ ಹಿಸುಕುತ್ತಿದೆ. ಉಸಿರುಕಟ್ಟಿಸಿ ಕೊಲ್ಲುತ್ತದೆ ಅಂತ ನಾವೆಲ್ಲ ಕೇಳಿದ್ದೇವೆ ಅಲ್ವಾ? 2015ರಲ್ಲಿ ಬೋವಾ ಹಾವುಗಳ ಮೇಲೆ ನಡೆದ ಪ್ರಯೋಗದಲ್ಲಿ ಬೇರೆಯೇ ಕಂಡಿತು. ಹಿಸುಕಿದಾಗ ಇಲಿಯ ರಕ್ತದ ಓಡಾಟವೇ ಕೆಲವೇ ಸೆಕೆಂಡಿನಲ್ಲಿ ಕುಸಿಯುತ್ತದೆ. ಅದಕ್ಕೂ ಮುಂಚೆ, 2012ರಲ್ಲಿ, ಅದೇ ತಂಡದವರು ಸತ್ತ ಇಲಿಯೊಳಗೆ ಮಿಡಿಯುವ ನಕಲಿ ಹೃದಯ ಇಟ್ಟು ಹಾವಿಗೆ ಕೊಟ್ಟಿದ್ದರು. ಹೃದಯ ಮಿಡಿಯುತ್ತಿರುವಷ್ಟು ಹೊತ್ತು ಹಾವು ಜಾಸ್ತಿ ಬಲ ಹಾಕಿ, ಜಾಸ್ತಿ ಹೊತ್ತು ಹಿಸುಕಿತು. ಮಿಡಿತ ನಿಲ್ಲಿಸಿದ ಮೇಲೆ ಬಿಟ್ಟಿತು. ಸಾಯಿಸಿದ್ದೀನಾ ಇಲ್ಲವಾ ಅಂತ ಹಿಡಿತದಲ್ಲೇ ಲೆಕ್ಕ ಹಾಕುತ್ತದೆ. ಇಲಿಯೊಳಗೆ ಪಂಪು ಕೂರಿಸಿದ ಆ ತಂಡದವರ ಅಮ್ಮಂದಿರು ಫೋನಿನಲ್ಲಿ ಏನು ಕೇಳಿರಬಹುದು?

ನುಂಗುವುದನ್ನು ನಾನು ವೇಗವಾಗಿ ಓಡಿಸಿದ್ದೇನೆ. ದವಡೆ ಕಳಚಿಕೊಳ್ಳುತ್ತದೆ ಅನ್ನುವುದು ಸುಳ್ಳು. ಕೆಳದವಡೆಯ ಎರಡು ಭಾಗ ಮುಂದೆ ಕೂಡಿಕೊಂಡಿರುವುದಿಲ್ಲ, ನಡುವೆ ಹಿಗ್ಗುವ ನಾರು ಇದೆ. ಒಂದು ಬದಿ ಮುಂದೆ, ಆಮೇಲೆ ಇನ್ನೊಂದು ಬದಿ, ಹೀಗೆ ಇಲಿಯ ಮೇಲೆ ತಾನೇ ನಡೆದುಕೊಂಡು ಹೋಗುತ್ತದೆ. ಶ್ವಾಸನಾಳದ ಬಾಯಿ ಮುಂದೆ ಬಂದಿರುವುದು ಕಂಡಿತಾ? ಬಾಯಿ ತುಂಬ ಇಲಿ ಇದ್ದರೂ ಉಸಿರಾಟಕ್ಕೆ ತೊಂದರೆ ಇಲ್ಲ. ನಮ್ಮ ಮನೆಯವರು ಬಾಗಿಲ ಹತ್ತಿರ ನಿಂತು ನೋಡಿ, "ಪಾಪ, ನೀರು ಕುಡಿಸು ಅದಕ್ಕೆ" ಅಂದರು. ಇಷ್ಟು ದಿನ ಹೆಸರು ಹಿಡಿದು ಕೂಡ ಕರೆದಿರಲಿಲ್ಲ ಈ ಮನುಷ್ಯ.

ಬಾಲ ಮಾತ್ರ ಉಳಿದಿದೆ. ಹೋಯ್ತು.

ಇನ್ನು ಎರಡು ದಿನ ಇದನ್ನು ಯಾರೂ ಎತ್ತುವ ಹಾಗಿಲ್ಲ. ಎತ್ತಿ ಆಡಿಸಿದರೆ ಕಕ್ಕಿಬಿಡುತ್ತದೆ, ಕಕ್ಕಿದರೆ ಹೊಟ್ಟೆ ಸರಿಹೋಗಲು ಎರಡು ವಾರ ಬಿಡಬೇಕು, ಆರು ಡಾಲರ್ ಅಂತೂ ಅಲ್ಲೇ ಹೋಯಿತು. ಮಗನಿಗೆ ಹೇಳಿದ್ದೇನೆ, ಟ್ಯಾಂಕಿನ ಮೇಲೆ ಚೀಟಿಯನ್ನೂ ಅಂಟಿಸಿದ್ದೇನೆ. ಮುಂದಿನ ಊಟ ಹತ್ತು ಹನ್ನೆರಡು ದಿನಕ್ಕೆ. 600 ಗ್ರಾಂ ತೂಗುವ ಹಾವಿಗೆ ಇದಕ್ಕಿಂತ ಬೇಗ ಬೇಡ, ಸುಮ್ನೆ ಬೊಜ್ಜು ಬರುತ್ತದೆ.

ಅಂದಹಾಗೆ, ತಿನ್ನುತ್ತದೆ ಅಂತಾದರೆ ಆ ಆನ್‌ಲೈನ್ ಇಲಿಯ ಲೆಕ್ಕವೇ ಬೇರೆ. ಶಿಪ್ಪಿಂಗ್ ಸೇರಿ 85 ಡಾಲರ್, ಅದನ್ನು 25 ಇಲಿಗೆ ಭಾಗಿಸಿ. ಇಲಿಗೆ 3 ಡಾಲರ್ 40 ಸೆಂಟ್. ಅಂಗಡಿಗಿಂತ ಹೆಚ್ಚು ಕಡಿಮೆ ಅರ್ಧ. ಅಷ್ಟನ್ನೂ ಮುಗಿಸಲು ಇದಕ್ಕೆ ಒಂಬತ್ತು ಹತ್ತು ತಿಂಗಳು ಬೇಕು, ಅಷ್ಟು ದಿನ ಇಟ್ಟರೆ ಒಣಗುತ್ತವೆ. ಪಕ್ಕದ ಬೀದಿಯಲ್ಲಿ ಹಾವು ಸಾಕಿದ ಇನ್ನೊಂದು ಮನೆ ಇದೆ, ಅರ್ಧ ಅವರಿಗೆ ಕೊಟ್ಟರೆ ಆಯಿತು. ಹೌದು, ತರಿಸುವುದಿಲ್ಲ ಅಂದಿದ್ದೆ. ಬರೆದಿಟ್ಟುಕೊಂಡವರು ಅಳಿಸಿಬಿಡಿ.

ಬ್ಯಾಟರಿ ಕೆಂಪು ತೋರಿಸುತ್ತಿದೆ. ಕೈಗೆ ಸೋಪು, ಇಕ್ಕಳಕ್ಕೆ ಬ್ಲೀಚು, ಅದನ್ನೆಲ್ಲ ತೋರಿಸಲ್ಲ. ಬಸ್ಸಾರಿಗೆ ಯಾವ ಸೊಪ್ಪು ಹಾಕಲಿ ಅಂತ ಹೇಳಿ, ಇಲ್ಲಿ ದಂಟು ಸಿಗುತ್ತಿಲ್ಲ. ಬರುತ್ತೇನೆ.