ಚರಂಡಿ ಅಗಲ ಮಾಡಿದರೂ ನೀರು ಯಾಕೆ ನಿಲ್ಲುತ್ತದೆ?

[ತೆರೆಯಲ್ಲಿ: ಮೊಣಕಾಲುದ್ದ ನೀರು ನಿಂತ ರಸ್ತೆ]

ಒಂದು ಗಂಟೆ ಜೋರು ಮಳೆ ಬಂತು, ರಸ್ತೆ ಕೆರೆಯಾಯಿತು. ಮಾರನೇ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ಚರಂಡಿ ಸಾಲುತ್ತಿಲ್ಲ, ಅಗಲ ಮಾಡಿ. ಸ್ವಲ್ಪ ತಡೀರಿ. ಅಳೆಯದೆ ಸುಮ್ನೆ ಅಗೆದರೆ ನೀರು ನಿಲ್ಲುವ ಜಾಗ ಬದಲಾಗುತ್ತದೆ, ಅಷ್ಟೇ.

ಮೊದಲು ಲೆಕ್ಕ ಹಾಕಬೇಕಾದ್ದು ಬರುವ ನೀರನ್ನು. 10 ಹೆಕ್ಟೇರ್ ಜಾಗ, ಗಂಟೆಗೆ 60 ಮಿಲಿಮೀಟರ್ ಮಳೆ ಅಂದುಕೊಳ್ಳಿ. ಮಣ್ಣು, ಹುಲ್ಲು ಜಾಸ್ತಿ ಇದ್ದು ಶೇ 30ರಷ್ಟು ನೀರು ಮಾತ್ರ ಹರಿದು ಬಂದರೆ, ಚರಂಡಿಗೆ ಸೇರುವುದು ಸೆಕೆಂಡಿಗೆ 500 ಲೀಟರ್. ಅದೇ ಜಾಗಕ್ಕೆಲ್ಲ ಕಾಂಕ್ರೀಟ್ ಹಾಕಿ ಶೇ 90 ಹರಿದು ಬಂದರೆ? 1,500 ಲೀಟರ್. ಮಳೆ ಹೆಚ್ಚಾಗಿಲ್ಲ, ನೀರು ಮಾತ್ರ ಮೂರು ಪಟ್ಟು!

[ತೆರೆಯಲ್ಲಿ: ಕಾಲುವೆಯ ಅಡ್ಡ ಸೀಳಿಕೆಯ ಚಿತ್ರ, ತಳದಲ್ಲಿ ಹೂಳು]

ಈಗ, ಕಾಲುವೆ ಎಷ್ಟು ಹೊರುತ್ತದೆ? ಇದಕ್ಕೆ ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರವೇ ಇವತ್ತಿಗೂ ಆಧಾರ. ಅಗಲ, ಆಳ, ಇಳಿಜಾರಿನ ಜೊತೆಗೆ ಅದು ಒರಟುತನವನ್ನೂ ಕೇಳುತ್ತದೆ. ನಯವಾದ ಕಾಂಕ್ರೀಟಿಗೆ ಒರಟುತನದ ಅಂಕಿ ಸುಮಾರು 0.013. ಕಳೆ ಬೆಳೆದ ಮಣ್ಣಿನ ಕಾಲುವೆಗೆ 0.03 ದಾಟುತ್ತದೆ. ಅಳತೆ, ಇಳಿಜಾರು ಅದೇ ಇದ್ದರೂ ಇಲ್ಲಿ ಹರಿಯುವ ನೀರು ಅರ್ಧಕ್ಕಿಂತ ಕಡಿಮೆ.

ಹೂಳು ಇನ್ನೂ ಮೋಸಗಾರ. ಅಗಲವಾದ ಕಾಲುವೆಯ ಆಳದಲ್ಲಿ ಕಾಲು ಭಾಗ ಹೂಳು ತುಂಬಿದರೆ ಸಾಮರ್ಥ್ಯವೂ ಕಾಲು ಭಾಗ ಹೋಗುತ್ತದೆ ಅನ್ನಿಸುತ್ತದೆ, ಅಲ್ವಾ? ಹೋಗುವುದು ಸುಮಾರು ಶೇ 38. ಹಾಗಾಗಿ ನಕ್ಷೆಯಲ್ಲಿರುವ ಆಳ ನಂಬಬೇಡಿ, ಕೋಲು ಇಳಿಸಿ ನೋಡಿ.

[ತೆರೆಯಲ್ಲಿ: ರಸ್ತೆಯಡಿಯ ಮೋರಿ, ಅಡ್ಡಲಾಗಿ ಒಂದು ಪೈಪು]

ನನ್ನ ಕಣ್ಣು ಮೊದಲು ಹೋಗುವುದು ಮೋರಿಗಳ ಕಡೆಗೆ. ಎರಡು ಕಡೆಯೂ ಕಾಲುವೆ ಅಗಲ, ನಡುವೆ ಇಕ್ಕಟ್ಟಾದ ಮೋರಿ. ಅದರೊಳಗೇ ಯಾರೋ ತೂರಿಸಿದ ಪೈಪು, ಅದಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್. ಮೇಲ್ಗಡೆ ಎಷ್ಟೇ ಅಗಲ ಮಾಡಿದರೂ ನೀರು ಇಲ್ಲಿ ತಡೆಯುತ್ತದೆ. ಅದಕ್ಕೇ ಕೆಲಸ ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಮೇಲಿನಿಂದ ಶುರು ಮಾಡಿದರೆ ಕೆಳಗಿನವರ ಮನೆಗೆ ನಾವೇ ನೀರು ನುಗ್ಗಿಸಿದಂತೆ. ಕೆಳಗೆ ಅಗಲ ಮಾಡಲು ಜಾಗವೇ ಇಲ್ಲವೇ? ಹಾಗಾದರೆ ಮೇಲೆಯೇ ನೀರು ತಡೆಯಬೇಕು: ತಗ್ಗಾದ ಮೈದಾನ, ಹೊಂಡ, ನೀರು ಇಂಗುವ ನೆಲ. ಅಲ್ಲಿ ಒಂದೆರಡು ಗಂಟೆ ನಿಂತು ನಿಧಾನಕ್ಕೆ ಇಳಿದರೂ ಸಾಕು.

ಮುಂದಿನ ಜೋರು ಮಳೆಯಲ್ಲಿ ದೂರದಲ್ಲೇ ನಿಂತು ಮೋರಿಯ ಎರಡೂ ಕಡೆ ನೀರಿನ ಮಟ್ಟ ನೋಡಿ. ಮೇಲ್ಗಡೆ ತುಂಬಿ, ಕೆಳಗಡೆ ಅರ್ಧ ಇದ್ದರೆ ತೊಂದರೆ ಮೋರಿಯದ್ದೇ. ಎರಡೂ ಕಡೆ ತುಂಬಿದ್ದರೆ ಇನ್ನೂ ಕೆಳಗೆ ಹುಡುಕಬೇಕು.