ಮೊದಲು ಬೇಸಿಕ್ ನೋಡಿ: ಯುಎಇ ಕಾರ್ಮಿಕ ಕಾನೂನಿನ ತರಬೇತಿಗೆ ಹೊರಟವರಿಗೆ ಕೆಲವು ಮಾತುಗಳು

ವೇದಿಕೆಯಲ್ಲಿರುವ ಹಿರಿಯರೇ, ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆಯಿಂದ ಬಂದಿರುವ ಲೆಕ್ಕಪತ್ರದ ಕಚೇರಿಯವರೇ, ಟ್ರಾವೆಲ್ಸ್‌ನವರೇ, ಸರ್ಕಾರಿ ಸೇವೆಯ ಅಕ್ಷಯ ಕೇಂದ್ರದವರೇ, ವಕೀಲ ಮಿತ್ರರೇ,

ಮುಂದಿನ ತಿಂಗಳು ನಿಮ್ಮಲ್ಲಿ ಹಲವರು ಯುಎಇ ಕಾರ್ಮಿಕ ಕಾನೂನಿನ ಎರಡು ದಿನದ ತರಬೇತಿಗೆ ಹೋಗುತ್ತಿದ್ದೀರಿ. ಬಹಳ ಒಳ್ಳೆಯದು. ಗಲ್ಫಿಗೆ ಹೋಗುವವನ ಟಿಕೇಟು ಮಾಡಿಕೊಡುವವರು ನೀವು, ಸರ್ಟಿಫಿಕೇಟು ಅಟೆಸ್ಟೇಶನ್‌ಗೆ ಅರ್ಜಿ ಹಾಕುವವರು ನೀವು. ಕೆಲಸ ಹೋಗಿ ಊರಿಗೆ ಬಂದವನು ಫೈಲು ಹಿಡಿದು ಮೊದಲು ನಿಲ್ಲುವುದೂ ನಿಮ್ಮ ಮೇಜಿನ ಎದುರೇ. ಆ ಫೈಲು ಬಿಚ್ಚಿದಾಗ ಮೊದಲು ಯಾವ ಸಾಲು ಓದಬೇಕು ಎನ್ನುವುದು ಗೊತ್ತಿರಬೇಕು. ತರಬೇತಿಯಿಂದ ನೀವು ತರಬೇಕಾದದ್ದು ಅಷ್ಟೇ ಎಂದು ನಾನು ನಂಬಿದ್ದೇನೆ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ನಿಮ್ಮಲ್ಲಿಗೆ ಬಂದವರ ಒಪ್ಪಿಗೆ ಕೇಳಿ ಒಂದು ಆಫರ್ ಲೆಟರು, ಮೂರು ತಿಂಗಳ ಸಂಬಳದ ಚೀಟಿ, ಕೆಲಸ ಮುಗಿದಾಗ ಪರ್ಮಿಟ್ ರದ್ದು ಮಾಡಲು ಸಹಿ ಹಾಕುವ ಒಂದು ಕ್ಯಾನ್ಸಲೇಶನ್ ಪೇಪರು ಇಷ್ಟನ್ನು ಪ್ರತಿ ಮಾಡಿ, ಹೆಸರು ಮತ್ತು ಪಾಸ್‌ಪೋರ್ಟ್ ನಂಬರಿನ ಮೇಲೆ ಕಪ್ಪು ಗೆರೆ ಎಳೆದು ಒಯ್ಯಿರಿ. ತರಬೇತುದಾರರು ಪರದೆಯ ಮೇಲೆ ಕಲಮು ಓದುವಾಗ ನಿಮ್ಮ ಬೆರಳು ಈ ಕಾಗದದ ಸಾಲಿನ ಮೇಲಿರಲಿ. ಒಂದು ನೋಟ್‌ಬುಕ್ಕು, ಒಂದು ಕ್ಯಾಲ್ಕುಲೇಟರು ಬೇಕು. ಸ್ಲೈಡುಗಳ ಫೋಟೋ ತೆಗೆಯುತ್ತಾ ಕೂತರೆ ಲೆಕ್ಕ ಕೈಗೆ ಬರುವುದಿಲ್ಲ.

ಈಗ ಕಾನೂನಿಗೆ ಬರುತ್ತೇನೆ. ಈಗ ಜಾರಿಯಲ್ಲಿರುವುದು 2021ರ 33ನೇ ಫೆಡರಲ್ ಡಿಕ್ರಿ ಕಾನೂನು. 2022ರ ಫೆಬ್ರವರಿ 2ರಿಂದ ಅನ್ವಯ. ಅದಕ್ಕೆ ಮೊದಲಿನದು 1980ರ 8ನೇ ಕಾನೂನು. ನಮ್ಮ ಊರಿನ ಗಲ್ಫ್ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದಿರುವ ತಿಳಿವಳಿಕೆಯಲ್ಲಿ ಮುಕ್ಕಾಲು ಪಾಲು ಈ ಹಳೆಯ ಕಾನೂನಿನದು. ಅಪ್ಪ ಮೂವತ್ತು ವರ್ಷ ಶಾರ್ಜಾದಲ್ಲಿ ಇದ್ದವರು, ಅವರು ಮಗನಿಗೆ ಹೇಳಿದ್ದು ಅವರ ಕಾಲಕ್ಕೆ ಸರಿ. ಮಗ ಅದನ್ನೇ ನಂಬಿದರೆ ನಷ್ಟ ಮಗನಿಗೆ.

ಒಂದು ಲೆಕ್ಕ ಮಾಡೋಣ. ಇದನ್ನು ಸ್ವಲ್ಪ ಉದ್ದ ಮಾಡುತ್ತೇನೆ, ಏಕೆಂದರೆ ಇದೊಂದು ಸರಿಯಾಗಿ ಕೂತರೆ ಉಳಿದದ್ದೆಲ್ಲ ತಾನೇ ಹಿಂದೆ ಬರುತ್ತದೆ. ಉಪ್ಪಳದ ಒಬ್ಬ ಹುಡುಗ ಅಬುಧಾಬಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಇದ್ದಾನೆ ಎಂದಿಟ್ಟುಕೊಳ್ಳಿ. ಮನೆಯವರು ಹೇಳುವುದು, ಸಂಬಳ 2,500 ದಿರ್ಹಂ. ಆಫರ್ ಲೆಟರು ತೆರೆದರೆ ಬೇಸಿಕ್, ಅಂದರೆ ಮೂಲ ವೇತನ, 1,000. ಉಳಿದ 1,500 ಮನೆ ಬಾಡಿಗೆ, ಓಡಾಟ, ಇತರೆ ಎನ್ನುವ ಅಲವೆನ್ಸು. ನಾಲ್ಕೂವರೆ ವರ್ಷ ಆಗಿದೆ. ಊರಿಗೆ ಬಂದು ಕೆಲಸ ನೋಡಿಕೊಳ್ಳಬೇಕು ಅಂತಿದ್ದಾನೆ. ಆದರೆ ರಾಜೀನಾಮೆ ಕೊಡುವುದಿಲ್ಲ. ಯಾಕೆ? ಐದು ವರ್ಷ ತುಂಬುವ ಮೊದಲು ಬಿಟ್ಟರೆ ಗ್ರಾಚುವಿಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಕತ್ತರಿಸುತ್ತಾರೆ ಎಂದು ಯಾರೋ ಹೇಳಿದ್ದಾರೆ.

ಯಾರೋ ಹೇಳಿದ್ದು ಸುಳ್ಳೇನೂ ಅಲ್ಲ. ಹಳೆಯ ಕಾನೂನಿನಲ್ಲಿ ಅವಧಿ ನಿಗದಿ ಇಲ್ಲದ ಒಪ್ಪಂದದವನು ತಾನಾಗಿ ಬಿಟ್ಟರೆ, ಒಂದರಿಂದ ಮೂರು ವರ್ಷದವನಿಗೆ ಮೂರರಲ್ಲಿ ಒಂದು ಪಾಲು, ಮೂರರಿಂದ ಐದರವನಿಗೆ ಮೂರರಲ್ಲಿ ಎರಡು ಪಾಲು, ಐದು ದಾಟಿದ ಮೇಲೆ ಪೂರ್ತಿ. ಅವಧಿ ನಿಗದಿಯಾದ ಒಪ್ಪಂದದವನು ಐದು ವರ್ಷದ ಒಳಗೆ, ಅವಧಿಗೆ ಮೊದಲೇ ಬಿಟ್ಟರೆ ಏನೂ ಇಲ್ಲ. ಈಗಿನ ಕಾನೂನಿನ 51ನೇ ಕಲಮಿನಲ್ಲಿ ಈ ಕಡಿತ ಇಲ್ಲ. ಒಂದು ವರ್ಷ ಪೂರ್ತಿ ದುಡಿದ ವಿದೇಶಿ ಕೆಲಸಗಾರ ತಾನೇ ಬಿಡಲಿ, ಕಂಪನಿಯೇ ಬಿಡಿಸಲಿ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಒಟ್ಟು ಎರಡು ವರ್ಷದ ವೇತನವನ್ನು ಮೀರುವಂತಿಲ್ಲ. ವರ್ಷದ ತುಂಡು ಇದ್ದರೆ ಆ ಪ್ರಮಾಣದಲ್ಲಿ ಸೇರುತ್ತದೆ. ಸಂಬಳವಿಲ್ಲದೆ ಗೈರಾದ ದಿನಗಳನ್ನು ಕಳೆಯುತ್ತಾರೆ.

ಈಗ ಕ್ಯಾಲ್ಕುಲೇಟರು ತೆಗೆಯಿರಿ. ಬೇಸಿಕ್ 1,000. ರೂಢಿಯಲ್ಲಿ 30ರಿಂದ ಭಾಗಿಸುತ್ತಾರೆ, ದಿನಕ್ಕೆ 33.33. ನಾಲ್ಕೂವರೆ ವರ್ಷಕ್ಕೆ 94.5 ದಿನ. ಗುಣಿಸಿದರೆ 3,150 ದಿರ್ಹಂ. ಹಳೆಯ ಲೆಕ್ಕದಲ್ಲಿ ಮೂರರಲ್ಲಿ ಎರಡು ಎಂದರೆ 2,100. ಅಂದರೆ ಆ ಹುಡುಗ 1,050 ದಿರ್ಹಂ ಹೋಗುತ್ತದೆಂಬ ಹೆದರಿಕೆಯಲ್ಲಿ ಆರು ತಿಂಗಳು ಇಷ್ಟವಿಲ್ಲದ ಕೆಲಸದಲ್ಲಿ ಕೂತಿದ್ದಾನೆ. ಆ ಕಡಿತವೇ ಈಗ ಇಲ್ಲ ಮಾರಾಯ್ರೆ!

ಇನ್ನೊಂದು ಬದಿ ನೋಡಿ. ಇದೇ ಹುಡುಗ ಏಳು ವರ್ಷ ಇದ್ದ ಎನ್ನಿ. ಮೊದಲ ಐದು ವರ್ಷಕ್ಕೆ 3,500, ಮುಂದಿನ ಎರಡು ವರ್ಷಕ್ಕೆ 2,000, ಒಟ್ಟು 5,500. ಮನೆಯವರು 2,500ರ ಮೇಲೆ ಲೆಕ್ಕ ಹಾಕಿ 13,750 ಬರುತ್ತದೆಂದು ಮನೆಗೆ ಶೀಟು ಹಾಕಿಸಲು ಮಾತು ಕೊಟ್ಟಿರುತ್ತಾರೆ. ಕಂಪನಿ ಮೋಸ ಮಾಡಿತು ಎಂದು ನಿಮ್ಮಲ್ಲಿಗೆ ಬರುತ್ತಾರೆ. ಕಂಪನಿ ಮೋಸ ಮಾಡಿಲ್ಲ. ಏಳು ವರ್ಷ ಹಿಂದೆ ಸಹಿ ಹಾಕುವಾಗ ಬೇಸಿಕ್ 1,000 ಎಂಬುದನ್ನು ಯಾರೂ ನೋಡಲಿಲ್ಲ. ಅದೇ 2,500ರಲ್ಲಿ ಬೇಸಿಕ್ 2,000 ಇದ್ದಿದ್ದರೆ 11,000 ಸಿಗುತ್ತಿತ್ತು.

ಬೇಸಿಕ್ ಯಾಕೆ ಅಷ್ಟು ಕಡಿಮೆ? ಅಲ್ಲಿ ಹೊರದೇಶದವರಿಗೆ ಕನಿಷ್ಠ ವೇತನ ನಿಗದಿ ಮಾಡಿಲ್ಲ. ಒಟ್ಟು ಮೊತ್ತವನ್ನು ಹೇಗೆ ಹಂಚುವುದು ಎನ್ನುವುದು ಒಪ್ಪಂದಕ್ಕೆ ಬಿಟ್ಟದ್ದು. ಕೊನೆಗೆ ಕೊಡಬೇಕಾದದ್ದರಲ್ಲಿ ಹೆಚ್ಚಿನದು ಬೇಸಿಕ್ ಮೇಲೆ ನಿಂತಿರುವಾಗ ಅದನ್ನು ಸಣ್ಣದು ಮಾಡಿದರೆ ಮಾಲೀಕನಿಗೆ ಲಾಭ.

ಓವರ್‌ಟೈಮೂ ಬೇಸಿಕ್ ಮೇಲೆಯೇ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಅದರ ಮೇಲೆ ಸಾಮಾನ್ಯವಾಗಿ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಆ ಹೆಚ್ಚಿನ ಗಂಟೆಗೆ ಬೇಸಿಕ್ ದರ ಮತ್ತು ಅದರ ಶೇಕಡಾ 25. ರಾತ್ರಿ 10ರಿಂದ ಬೆಳಿಗ್ಗೆ 4ರ ನಡುವೆ ಆದರೆ ಶೇಕಡಾ 50, ಇದು ಶಿಫ್ಟಿನಲ್ಲಿ ದುಡಿಯುವವರಿಗೆ ಅನ್ವಯಿಸುವುದಿಲ್ಲ. ನಮ್ಮ ಹುಡುಗನಿಗೆ ಗಂಟೆಗೆ 4.17, ಓವರ್‌ಟೈಮಿಗೆ 5.21 ದಿರ್ಹಂ. ತೆಗೆದುಕೊಳ್ಳದ ರಜೆಯ ಹಣವೂ ಕೊನೆಗೆ ಬೇಸಿಕ್ ಮೇಲೆಯೇ ಬರುವುದು. ಕೆಲಸ ಹೋದಾಗಿನ ವಿಮೆಯೂ ಹಾಗೆಯೇ, ಅದಕ್ಕೆ ಆಮೇಲೆ ಬರುತ್ತೇನೆ. ತರಬೇತುದಾರರು ಯಾವ ಸೌಲಭ್ಯ ಹೇಳಿದರೂ ಕೈ ಎತ್ತಿ ಕೇಳಿ, ಇದು ಬೇಸಿಕ್ ಮೇಲೋ, ಒಟ್ಟು ವೇತನದ ಮೇಲೋ? ಹತ್ತು ಸಲ ಕೇಳಿದರೂ ತಪ್ಪಿಲ್ಲ.

ಹಾಗಾದರೆ ಸರಿಮಾಡುವುದು ಎಲ್ಲಿ? ಇಲ್ಲಿ, ಕಾಸರಗೋಡಿನಲ್ಲಿ, ವಿಮಾನ ಹತ್ತುವ ಮೊದಲು. 2016ರಿಂದ ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯ ಆಫರ್ ಲೆಟರಿಗೆ ಕೆಲಸಗಾರ ಓದಿ ಸಹಿ ಹಾಕಿದ ಮೇಲೆಯೇ ವರ್ಕ್ ಪರ್ಮಿಟ್ಟಿನ ದಾರಿ ಮುಂದುವರಿಯುವುದು. ಆಮೇಲೆ ಮಾಡುವ ಒಪ್ಪಂದ ಈ ಆಫರಿಗೆ ಹೊಂದಬೇಕು. ಆಫರ್ ಲೆಟರು ಅರಬಿ ಮತ್ತು ಇಂಗ್ಲಿಷಿನ ಜೊತೆಗೆ ಕೆಲಸಗಾರನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲೂ ಸಿಗುತ್ತದೆ. ಆ ಏರ್ಪಾಡು ಬಂದಾಗಿನ ಪಟ್ಟಿಯಲ್ಲಿ ಹಿಂದಿ, ಮಲಯಾಳಂ, ತಮಿಳು, ಉರ್ದು, ಬಂಗಾಳಿ ಇವೆ, ಕನ್ನಡ ಇಲ್ಲ. ನಮ್ಮ ಗಡಿಯ ಕನ್ನಡ ಶಾಲೆಗಳಲ್ಲಿ ಓದಿದ ಎಷ್ಟೋ ಮಕ್ಕಳಿಗೆ ಮಲಯಾಳಂ ಮಾತಾಡಲು ಬರುತ್ತದೆ, ಕಾನೂನಿನ ಮಲಯಾಳಂ ಓದಲು ಬರುವುದಿಲ್ಲ. ಇಂಗ್ಲಿಷೂ ಅಷ್ಟಕ್ಕಷ್ಟೆ. ಅವನು ಏಜೆಂಟು ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕುತ್ತಾನೆ. ಆದ್ದರಿಂದ ಕನ್ನಡದಲ್ಲಿ ಆ ಕಾಗದ ಓದಿ ಹೇಳುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಇದನ್ನು ಯಾವ ಸರ್ಕಾರವೂ ನಿಮಗೆ ವಹಿಸಿಲ್ಲ. ವಹಿಸಿದ್ದಾರೆ ಎಂದೇ ತಿಳಿದು ಮಾಡಿ ಎಂದು ಕೈಮುಗಿದು ಕೇಳುತ್ತೇನೆ.

ಓದಿ ಹೇಳುವಾಗ ಐದು ಸಾಲು ಸಾಕು. ಬೇಸಿಕ್ ಎಷ್ಟು. ಕೆಲಸದ ಹೆಸರೇನು. ಪ್ರೊಬೇಶನ್, ಅಂದರೆ ಪರೀಕ್ಷಾ ಅವಧಿ, ಎಷ್ಟು, ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಕೆಲಸ ಬಿಡುವ, ಬಿಡಿಸುವ ಮೊದಲು ಕೊಡಬೇಕಾದ ನೋಟಿಸ್ ಎಷ್ಟು, 30 ದಿನಕ್ಕೆ ಕಡಿಮೆ ಇಲ್ಲ, 90 ದಿನಕ್ಕೆ ಹೆಚ್ಚಿಲ್ಲ. ಕಂಪನಿ ಎಲ್ಲಿ ನೋಂದಣಿಯಾಗಿದೆ. ಈ ಕೊನೆಯದ್ದನ್ನು ತರಬೇತಿಗಳಲ್ಲೂ ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ, ನೀವು ಬಿಡಬೇಡಿ. ದುಬೈಯ ಡಿಐಎಫ್‌ಸಿ ಮತ್ತು ಅಬುಧಾಬಿಯ ಎಡಿಜಿಎಂ ಎಂಬ ಎರಡು ಹಣಕಾಸು ವಲಯಗಳಿಗೆ ತಮ್ಮದೇ ಉದ್ಯೋಗ ಕಾನೂನಿದೆ. ನಾನು ಹೇಳಿದ ಫೆಡರಲ್ ಕಾನೂನಿನ ಕಲಮು ಅಲ್ಲಿ ನಡೆಯುವುದಿಲ್ಲ. ಉಳಿದ ಫ್ರೀ ಜೋನುಗಳಿಗೆ, ಅಂದರೆ ವ್ಯಾಪಾರಕ್ಕೆ ವಿಶೇಷ ರಿಯಾಯಿತಿ ಇರುವ ವಲಯಗಳಿಗೆ, ಫೆಡರಲ್ ಕಾನೂನೇ. ಮನೆಗೆಲಸ, ಮನೆಯ ಡ್ರೈವರು, ಅಡುಗೆಯವರು, ಇವರಿಗೆ 2022ರ 9ನೇ ಡಿಕ್ರಿ ಕಾನೂನು ಬೇರೆಯೇ ಇದೆ.

ಪ್ರೊಬೇಶನ್‌ನಲ್ಲಿ ಎಡವುವವರು ಬಹಳ. ಕಂಪನಿ ತೆಗೆಯುವುದಾದರೆ 14 ದಿನದ ನೋಟಿಸ್ ಕೊಡಬೇಕು. ಹುಡುಗ ಅಲ್ಲೇ ಇನ್ನೊಂದು ಕಂಪನಿಗೆ ಹೋಗುವುದಾದರೆ ಒಂದು ತಿಂಗಳು, ದೇಶ ಬಿಟ್ಟು ಬರುವುದಾದರೆ 14 ದಿನ. ಹಾಗೆ ದೇಶ ಬಿಟ್ಟವನು ಮೂರು ತಿಂಗಳೊಳಗೆ ಬೇರೆ ಕಂಪನಿಯ ಪರ್ಮಿಟ್ಟಿನಲ್ಲಿ ಮರಳಿದರೆ, ಬೇರೆ ಕರಾರು ಇಲ್ಲದಿದ್ದಲ್ಲಿ ಹಳೆಯ ಕಂಪನಿಯ ನೇಮಕಾತಿ ಖರ್ಚನ್ನು ಹೊಸ ಕಂಪನಿ ತುಂಬಬೇಕು. ಕೆಲಸಗಾರನಿಂದ ನೇಮಕಾತಿಯ ಖರ್ಚು ವಸೂಲು ಮಾಡುವುದನ್ನು 6ನೇ ಕಲಮು ತಡೆಯುತ್ತದೆ. ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವುದನ್ನು 13ನೇ ಕಲಮು ತಡೆಯುತ್ತದೆ. ಈ ಎರಡನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅನಾರೋಗ್ಯದ ರಜೆ, ಹೆರಿಗೆ ರಜೆ ತರಬೇತಿಯಲ್ಲಿ ಹೇಗೂ ಹೇಳುತ್ತಾರೆ, ಬಿಡುತ್ತೇನೆ. ಬಿಡಲಾಗದ ಕೆಲವು ವಿಷಯ ಬೇಗ ಹೇಳುತ್ತೇನೆ.

ಒಂದು, ಸೆಟಲ್‌ಮೆಂಟು. ಒಪ್ಪಂದ ಮುಗಿದ 14 ದಿನದೊಳಗೆ ಬಾಕಿ ಎಲ್ಲ ಕೊಡಬೇಕು. ಆದರೆ ಕ್ಯಾನ್ಸಲೇಶನ್ ಪೇಪರಿನಲ್ಲಿ ನನಗೆ ಬರಬೇಕಾದದ್ದು ಪೂರ್ತಿ ಬಂದಿದೆ ಎಂಬ ಸಾಲಿರುತ್ತದೆ. ಟಿಕೇಟು ಕೈಗೆ ಕೊಟ್ಟು, ಹಣ ಊರಿಗೆ ಕಳಿಸುತ್ತೇವೆ ಎಂದು ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಬಿದ್ದ ಮೇಲೆ ಬಾಕಿ ಇದೆ ಎಂದು ಸಾಧಿಸುವುದು ಬಹಳ ಕಷ್ಟ. ಹಣ ಖಾತೆಗೆ ಬಿದ್ದ ಮೇಲೆ ಸಹಿ. ಫೋನಿನಲ್ಲಿ ಕೇಳಿದರೂ ಇದನ್ನೇ ಹೇಳಿ.

ಎರಡು, ದೂರು. 2024ರ ಜನವರಿ 1ರಿಂದ 50,000 ದಿರ್ಹಂವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸಬಹುದು. ನಮ್ಮವರ ಬಾಕಿ ಹೆಚ್ಚಿನದೆಲ್ಲ ಇದರೊಳಗೇ. ಕೋರ್ಟಿಗೆ ಹೋದರೂ 1,00,000 ದಿರ್ಹಂ ಮೀರದ ಕಾರ್ಮಿಕ ದಾವೆಗೆ ಶುಲ್ಕವಿಲ್ಲ. ಮೊದಲು ದಾವೆ ಹೂಡಲು ಒಂದೇ ವರ್ಷ ಇತ್ತು, 2024ರ ತಿದ್ದುಪಡಿಯಿಂದ ಕೆಲಸ ಮುಗಿದ ದಿನದಿಂದ ಎರಡು ವರ್ಷ. ಹೊತ್ತು ಮೀರಿತು ಎಂದು ಕೈಬಿಡುವ ಮೊದಲು ತಾರೀಕು ನೋಡಿ.

ಮೂರು, ಆಗಲೇ ಹೇಳಿದ ವಿಮೆ. 2023ರಿಂದ ಕಡ್ಡಾಯ. ಬೇಸಿಕ್ 16,000ದವರೆಗೆ ತಿಂಗಳಿಗೆ 5 ದಿರ್ಹಂ ಕಂತು. ಎಡೆಬಿಡದೆ 12 ತಿಂಗಳು ಕಟ್ಟಿದವನಿಗೆ, ತಾನಾಗಿ ಬಿಡದೆ ಕೆಲಸ ಹೋದರೆ, ಬೇಸಿಕ್‌ನ ಶೇಕಡಾ 60 ಹೆಚ್ಚೆಂದರೆ ಮೂರು ತಿಂಗಳು. ಅರ್ಜಿ 30 ದಿನದೊಳಗೆ. ಆದ್ದರಿಂದ ಕಂಪನಿ ತೆಗೆಯುತ್ತಿರುವಾಗ ರಾಜೀನಾಮೆ ಎಂದು ಬರೆದುಕೊಡು ಅಂದರೆ ಬರೆದುಕೊಡಬಾರದು. ಗ್ರಾಚುವಿಟಿಗೆ ರಾಜೀನಾಮೆಯಿಂದ ತೊಂದರೆ ಇಲ್ಲ, ವಿಮೆಗೆ ಇದೆ. ಈ ವ್ಯತ್ಯಾಸ ತಲೆಯಲ್ಲಿರಲಿ.

ನಾಲ್ಕು, ಒಂದು ದೇಶದ ಲೆಕ್ಕ ಇನ್ನೊಂದಕ್ಕೆ ಹಾಕಬೇಡಿ. ಸೌದಿಯಲ್ಲಿ ರಾಜೀನಾಮೆ ಕೊಟ್ಟರೆ ಈಗಲೂ ಕಡಿತ ಇದೆ. ಎರಡು ವರ್ಷದೊಳಗೆ ಏನೂ ಇಲ್ಲ, ಐದರವರೆಗೆ ಮೂರರಲ್ಲಿ ಒಂದು, ಹತ್ತರವರೆಗೆ ಮೂರರಲ್ಲಿ ಎರಡು. ಅಣ್ಣ ದಮ್ಮಾಮಿನಲ್ಲಿ, ತಮ್ಮ ದುಬೈಯಲ್ಲಿ ಇರುವ ಮನೆಗಳಲ್ಲಿ ಇದೇ ಕಲಬೆರಕೆ ಆಗುವುದು. ಊರಲ್ಲಿದ್ದುಕೊಂಡು ಅಲ್ಲಿ ಬೇರೆಯವರಿಂದ ಕೆಲಸ ನಡೆಸಲು ಕೊಡುವ ಮುಖ್ತಿಯಾರು ಪತ್ರಕ್ಕೂ (ಪವರ್ ಆಫ್ ಅಟಾರ್ನಿ) ಅಷ್ಟೇ. ಸೌದಿ, ಒಮಾನಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಸಾಕು, ಯುಎಇಗೆ ಸಾಲದು, ರಾಯಭಾರ ಕಚೇರಿಯ ದೃಢೀಕರಣ ಬೇಕು.

ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರುವವರ ವಿಷಯ ಹೇಳಲು ಸಮಯ ಸಾಲದು. ಪರ್ಮಿಟ್ ಇಲ್ಲದೆ ದುಡಿಸಿದರೆ ಮಾಲೀಕನಿಗೆ ಈಗ 1 ಲಕ್ಷದಿಂದ 10 ಲಕ್ಷ ದಿರ್ಹಂ ದಂಡ ಇದೆ, ಆದರೆ ಆ ದಂಡದಿಂದ ನಮ್ಮ ಹುಡುಗನ ಸಂಬಳ ಬರುವುದಿಲ್ಲ. ಎಸ್‌ಎಸ್‌ಎಲ್‌ಸಿ ಆಗದವನ ಇಸಿಆರ್ (ಹೊರಡುವ ಮೊದಲು ಸರ್ಕಾರದ ಅನುಮತಿ ಬೇಕಾದ) ಪಾಸ್‌ಪೋರ್ಟಿಗೆ ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ತೆಗೆದುಕೊಂಡೇ ಕಳಿಸಿ. ನೋಂದಾಯಿತ ಏಜೆಂಟು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ರಶೀದಿ ಕೇಳಿ.

ತರಬೇತಿಗೆ ಹೆಸರು ಕೊಟ್ಟವರು ಹೊರಡುವಾಗ ಬಾಗಿಲ ಬಳಿಯ ಮೇಜಿನಿಂದ ಖಾಲಿ ಆಫರ್ ಲೆಟರಿನ ನಮೂನೆ ಒಂದೊಂದು ತೆಗೆದುಕೊಳ್ಳಿ. ಬೇಸಿಕ್ 800, 1,200, 2,000 ಹೀಗೆ ಮೂರು ಮೊತ್ತ ಹಾಕಿ, ಆರು ವರ್ಷದ ಗ್ರಾಚುವಿಟಿ ಲೆಕ್ಕ ಮಾಡಿಕೊಂಡು ಹೋಗಿ. 1,200ಕ್ಕೆ 5,400 ಬಂದರೆ ನಿಮ್ಮ ಲೆಕ್ಕ ಸರಿ. ನಮಸ್ಕಾರ.