ಮೊಳಕೆ ರಾಗಿ ಎಷ್ಟು ಬಿಸಿ ತಾಳೀತು?

ತುಮಕೂರಿನ ಅಂಗನವಾಡಿ ಕಾರ್ಯಕರ್ತೆಯರಿಗೂ ರಾಗಿ ಮಾಲ್ಟ್, ಅಂದರೆ ಮೊಳಕೆ ರಾಗಿ ಹಿಟ್ಟು, ತಯಾರಿಸುವ ಸ್ವಸಹಾಯ ಸಂಘದ ತಾಯಂದಿರಿಗೂ ನಮಸ್ಕಾರ.

ಸೌಟು ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾದ ರಾಗಿ ಗಂಜಿಗೆ, ಅದು 65 ಡಿಗ್ರಿ ಬಿಸಿಯಿರುವಾಗ, ಒಂದು ಚಮಚ ಮೊಳಕೆ ರಾಗಿ ಹಿಟ್ಟು ಹಾಕಿ ತಿರುವಿ. ನೀರು ಹಾಕಿಲ್ಲ, ಆದರೂ ಹತ್ತು ನಿಮಿಷದೊಳಗೆ ಗಂಜಿ ಸಡಿಲಾಗಿ ಸೌಟಿನಿಂದ ಧಾರೆಯಾಗಿ ಇಳಿಯುತ್ತದೆ. ಅದೇ ಹಿಟ್ಟನ್ನು ಕೊತಕೊತ ಕುದಿಯುವ ಗಂಜಿಗೆ ಹಾಕಿದರೆ ಹಾಗಾಗುವುದಿಲ್ಲ.

ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡರಿಸುತ್ತದೆ. ಕಿಣ್ವವೆಂದರೆ ಪ್ರೋಟೀನ್, ದಾರದುಂಡೆಯಂತೆ, ಆದರೆ ಪ್ರತಿ ಸಲವೂ ಒಂದೇ ಕ್ರಮದಲ್ಲಿ ಮಡಚಿಕೊಂಡ ಎಳೆ. ಆ ಮಡಿಕೆಯ ಒಂದು ಸಂದಿಯಲ್ಲೇ ಪಿಷ್ಟ ಕತ್ತರಿಸುವ ಕೆಲಸ. ಬಿಸಿ 10 ಡಿಗ್ರಿ ಏರಿದರೆ ಕೆಲಸದ ವೇಗ ಸುಮಾರು ಇಮ್ಮಡಿ. ಆದರೆ ಮಡಿಕೆಯನ್ನು ಹಿಡಿದಿರುವುದು ದುರ್ಬಲ ಹೈಡ್ರೋಜನ್ ಬಂಧಗಳಂಥವು. ಬಿಸಿ ಮಿತಿಮೀರಿದರೆ ಎಳೆ ಬಿಚ್ಚಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಬೆಂದ ಮೊಟ್ಟೆಯ ಬಿಳಿಭಾಗ ಮತ್ತೆ ನೀರಾಗುವುದಿಲ್ಲವಲ್ಲ, ಹಾಗೆ. ಆದರೆ ತಣ್ಣಗಾದರೆ ಕಿಣ್ವ ಸಾಯುವುದಿಲ್ಲ, ನಿಧಾನವಾಗುತ್ತದಷ್ಟೆ.

ಹೆಚ್ಚಿನವರು ಎಡವುವುದು ಮೊಳಕೆ ರಾಗಿಯನ್ನು ಬಾಂಡಲಿಯಲ್ಲಿ ಬಿಸಿಮಾಡುವಾಗ. ರಾಗಿಯನ್ನು 12 ಗಂಟೆ ನೆನೆಸಿ, ನಡುವೆ ನೀರು ಬದಲಿಸಿ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಿ. ಹುಳಿ ವಾಸನೆ ಬಂದರೆ ಅಥವಾ ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ, ಮಕ್ಕಳ ಆಹಾರದಲ್ಲಿ ರಾಜಿ ಬೇಡ. ಮೊಳಕೆಯನ್ನು ತೆಳ್ಳಗೆ ಹರಡಿ ಗರಿಗರಿಯಾಗುವಂತೆ ಒಣಗಿಸಿದ ಮೇಲೆಯೇ ಒಲೆಗಿಡಬೇಕು. ತೇವವಿದ್ದಾಗ ಪ್ರೋಟೀನಿನ ಎಳೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಒಣಗಿದ ಕಾಳಿನಲ್ಲಿ ಅದಕ್ಕೆ ಅಲುಗಾಡಲು ಜಾಗವಿಲ್ಲ, ಹೆಚ್ಚು ಬಿಸಿ ತಾಳುತ್ತದೆ. ಆದರೂ 70 ಡಿಗ್ರಿ ದಾಟಿಸಬೇಡಿ. ಘಮಘಮ ಹುರಿಹಿಟ್ಟು ಬೇಕಿದ್ದರೆ ಬೇರೆ ಕಾಳು ಹುರಿದುಕೊಳ್ಳಿ.

ಗಂಜಿಗೆ 100 ಗ್ರಾಂ ಸಾದಾ ರಾಗಿ ಹಿಟ್ಟು, ಅರ್ಧ ಲೀಟರ್ ನೀರು. ಮೊದಲು ಚೆನ್ನಾಗಿ ಬೇಯಿಸಿ. ಹಸಿ ಪಿಷ್ಟದ ಕಣ ಬಿಸಿಗೆ ಉಬ್ಬಿ ಬಿಚ್ಚಿಕೊಳ್ಳದಿದ್ದರೆ ಅಮೈಲೇಸಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಇಳಿಸಿ, ತಿರುವಿ, ಥರ್ಮಾಮೀಟರನ್ನು ಗಂಜಿಯ ನಡುವೆ ಇಳಿಬಿಡಿ. ಅಂಚು ಆರಿದ್ದರೂ ನಡು ಸುಡುತ್ತಿರುತ್ತದೆ. 65 ಡಿಗ್ರಿಗೆ ಬಂದಾಗ 5 ಗ್ರಾಂ ಮೊಳಕೆ ಹಿಟ್ಟನ್ನು ತುಸು ತಣ್ಣೀರಿನಲ್ಲಿ ಕದಡಿ ಹಾಕಿ, ಹತ್ತು ನಿಮಿಷ ಮುಚ್ಚಿಡಿ. ಆಮೇಲೆ ಮತ್ತೆ ಎರಡು-ಮೂರು ನಿಮಿಷ ಕುದಿಸಲೇಬೇಕು. ಮೊಳಕೆ ಬರುವ ಬೆಚ್ಚಗಿನ ತೇವದಲ್ಲಿ ರೋಗಾಣುಗಳೂ ಬೆಳೆದಿರಬಹುದು. ಮಗುವಿನ ಹೊಟ್ಟೆ ಪುಟ್ಟದು. ನೀರು ಹೊಯ್ದು ತೆಳುಮಾಡಿದ ಬಟ್ಟಲಿಗಿಂತ ಹೀಗೆ ತೆಳುವಾದ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಇರುತ್ತದೆ.

ಮಾಲ್ಟ್ ಪ್ಯಾಕ್ ಮಾಡುವ ಮುನ್ನ ಪ್ರತಿ ಸಲವೂ ಒಂದು ಲೋಟ ಗಟ್ಟಿ ಗಂಜಿಯಲ್ಲಿ ಇದೇ ಅಳತೆಯಲ್ಲಿ ಹಾಕಿ ನೋಡಿ. ಹತ್ತು ನಿಮಿಷವಾದರೂ ಸೌಟಿಗೆ ಅಂಟಿಕೊಂಡೇ ಇದ್ದರೆ ಮೊಳಕೆ ಸಾಲದಾಗಿದೆ, ಇಲ್ಲವೇ ತೇವವಿದ್ದಾಗಲೇ ಬಾಂಡಲಿಗೆ ಬಿದ್ದಿದೆ.